ನಾಲ್ಕನೇ ಚಿತ್ರದಲ್ಲಿ ಬಲಕ್ಕೆ ಬಿದ್ದ ಸೆರಗು

ಮಹಾರಾಷ್ಟ್ರದ ಗಡಿಭಾಗದ ನಿಲಂಗಾ, ಬಸ್ ನಿಲ್ದಾಣದ ಹಿಂದಿನ ಓಣಿ. ಈ ಮನೆಯೊಳಗೆ ಬೆಳಗಿನ ಬಿಸಿಲು ಮೊದಲು ಬರುವುದು ನಡುಮನೆಗೆ. ಆ ಓರೆ ಬೆಳಕಿನಲ್ಲಿ ಅಂಜನಾಬಾಯಿ ಒಂಬತ್ತು ಗಜದ ಸೀರೆಯುಟ್ಟು, ಸೆರಗನ್ನು ಇನ್ನೂ ಕೈಯಲ್ಲೇ ಹಿಡಿದು ನಿಂತಿದ್ದಾರೆ. ಎದುರಿಗೆ ನೆಲದ ಮೇಲೆ ಕುಳಿತ ಸೊಸೆ ರೂಪಾಲಿ ಒಮ್ಮೆ ಅತ್ತೆಯ ಹೆಗಲನ್ನು, ಒಮ್ಮೆ ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟ, ತಾವೇ ಬರೆದ ಚಿತ್ರವನ್ನು ನೋಡುತ್ತಾರೆ.

“ಈಗ ಹಾಕ್ರಿ ಅತ್ತಿ. ಸಾವಕಾಶ.”

ಅಂಜನಾಬಾಯಿ ಸೆರಗನ್ನು ಬಲ ಹೆಗಲ ಮೇಲೆ ಎಸೆಯುತ್ತಾರೆ. ಬಟ್ಟೆ ಬೆನ್ನ ಹಿಂದೆ ಇಳಿಯುತ್ತದೆ, ಅದರ ಅಂಚನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ. ರೂಪಾಲಿ ಚಿತ್ರದ ಮಡಿಕೆಗಳ ಮೇಲೆ ಬೆರಳಾಡಿಸುತ್ತಾರೆ. “ಬರೋಬರ ಅದ.”

“ಮತ್ತ? ನಾ ಏನ್ ಇವತ್ತ ಹೊಸದಾಗಿ ಉಡ್ಲತ್ತೀನೇನ? ಒಲಿ ಮ್ಯಾಲ ಹಾಲು ಅದ. ಉಕ್ಕಿದ್ರ ನಿನ್ನ ಗೊಂಬಿ ಬಂದು ಒರಸ್ತಾಳೇನ?”

ಇವತ್ತು ಹನ್ನೊಂದು ಗಂಟೆಗೆ ಈ ಚಿತ್ರಕ್ಕೆ ಪರೀಕ್ಷೆ ಇದೆ. ಮುಂಬೈಯ ಪೇಟೆಂಟ್ ಅಧಿಕಾರಿ ವಿಡಿಯೊ ಮೂಲಕ ವಿಚಾರಣೆ ನಡೆಸುತ್ತಾರೆ. ಚಿತ್ರ ನಿಂತರೆ ಉದಗೀರದ ಒಬ್ಬ ಹುಡುಗಿಯ ಹಲವು ವರ್ಷಗಳ ಕೆಲಸಕ್ಕೆ ಹಕ್ಕು ಸಿಗುತ್ತದೆ. ಬಿದ್ದರೆ ಅರ್ಜಿಯೇ ಬೀಳುತ್ತದೆ.

ಯಾರಾದರೂ ಹೊಸ ಸಾಧನ ಕಂಡುಹಿಡಿದರೆ, ಅದು ಅವರದೇ ಎಂದು ಸರ್ಕಾರ ಕೊಡುವ ಹಕ್ಕು ಪೇಟೆಂಟ್. ಅದರ ಅರ್ಜಿಗೆ ಚಿತ್ರಗಳು ಬೇಕು. ಬಣ್ಣವಿಲ್ಲ, ನೆರಳಿಲ್ಲ, ಬರೀ ಕಪ್ಪು ಗೆರೆ, ಪ್ರತಿ ಭಾಗಕ್ಕೂ ಒಂದು ಅಂಕಿ. ಆ ಗೆರೆ ಎಳೆಯುವವರ ಹೆಸರು ಎಲ್ಲೂ ಬರುವುದಿಲ್ಲ. ರೂಪಾಲಿ ಆ ಕೆಲಸದವರು. ಐಟಿಐಯಲ್ಲಿ ನಕ್ಷೆ ಕಲಿತವರು. ಬಿತ್ತುವ ಕೂರಿಗೆ, ಪಂಪಿನ ಕವಾಟ, ಹಾಲಿನ ಜಿಡ್ಡು ಅಳೆಯುವ ನಳಿಗೆ, ಎಲ್ಲವನ್ನೂ ಈ ನಡುಮನೆಯಲ್ಲೇ ಬರೆದಿದ್ದಾರೆ. ಗಂಡ ಭರತ ಕುರಿ ಹಿಂಡಿನೊಂದಿಗೆ ವರ್ಷದ ಅರ್ಧ ಹೊರಗೇ ಇರುತ್ತಾರೆ. ಅಡುಗೆ, ಮಗಳ ಶಾಲೆ, ಮನೆಯಲ್ಲೇ ಉಳಿದ ಎಳೆ ಮರಿಗಳ ಆರೈಕೆ ಮುಗಿಸಿ, ಕರೆಂಟು ಇದ್ದಾಗ ದಿನಕ್ಕೆ ಎರಡು ಹಾಳೆ ಬರೆದರೆ ಅವತ್ತು ಭಾಗ್ಯ.

“ಮೊದ್ಲ ಮೊದ್ಲ ಓಣ್ಯಾಗ ನಗ್ತಿದ್ರು. ಕುರುಬರ ಸೊಸಿ ಮಶೀನಿನ ಫೋಟೋ ತಗೀತಾಳ ಅಂತ. ಫೋಟೋ ಅಲ್ಲವ್ವ, ಗೆರಿ ಅಂದ್ರ, ಹಂಗಾದ್ರ ರಂಗೋಲಿ ಏನ ಅಂತಿದ್ರು,” ಎಂದು ರೂಪಾಲಿ ತಾವೂ ನಗುತ್ತಾರೆ.

ಉದಗೀರದ ಬಸವೇಶ್ವರಿಯ ಕೆಲಸ ಬಂದಾಗ ಮಾತ್ರ ಮಶೀನು ಇರಲಿಲ್ಲ, ಸೀರೆ ಇತ್ತು. ಈಗ ಪರದೆಯೊಳಗೆ ಒಂದು ಲೋಕವೇ ಇದೆಯಲ್ಲ, ಅಲ್ಲಿ ನಮ್ಮ ಬದಲು ನಮ್ಮ ಮುಖದ ಗೊಂಬೆ ಓಡಾಡುತ್ತದೆ. ಅದಕ್ಕೆ ಅವತಾರ ಎನ್ನುತ್ತಾರೆ. ಅಂಗಡಿಯ ಬಟ್ಟೆಯನ್ನು ಅದಕ್ಕೆ ತೊಡಿಸಿ, ಒಪ್ಪುತ್ತದೆಯೇ ಎಂದು ನೋಡಬಹುದು. ಅಂಗಿ, ಜಾಕೀಟು ಸಲೀಸು. ಹೊಲಿದ ಬಟ್ಟೆ, ತಂದು ಹೊದಿಸಿದರಾಯಿತು. ಸೀರೆಗೆ ಹೊಲಿಗೆ ಎಲ್ಲಿದೆ? ಉಡುವ ಕೈಗಳೇ ಅದರ ಆಕಾರ. ಹಾಗಾಗಿ ಬಸವೇಶ್ವರಿ ಅವತಾರಕ್ಕೆ ಸೀರೆ ತೊಡಿಸಲಿಲ್ಲ, ಉಡಲು ಕಲಿಸಿದಳು. ಕ್ಯಾಮೆರಾ ಮುಂದೆ ಹೆಂಗಸರ ಕೈ ಯಾವ ಕ್ರಮದಲ್ಲಿ ಓಡುತ್ತದೋ ಅದನ್ನು ನೋಡಿ ಗೊಂಬೆ ತಾನೇ ನಿರಿಗೆ ಹಿಡಿಯುತ್ತದೆ, ಕಚ್ಚೆ ಸಿಕ್ಕಿಸುತ್ತದೆ.

ಪ್ರತಿ ಹಂತದ ಫೋಟೊಗಳನ್ನು ಬಸವೇಶ್ವರಿ ಕಳಿಸಿದ್ದಳು. ಸೆರಗು ಹಾಕುವ ನಾಲ್ಕನೇ ಹಂತದ ಫೋಟೊ ಮಸುಕಾಗಿತ್ತು. ರೂಪಾಲಿ ಅತ್ತೆಯನ್ನು ನಿಲ್ಲಿಸಿಕೊಂಡು ಬರೆದರು. ಬಸವೇಶ್ವರಿಯ ಬರಹದಲ್ಲಿ ಸೆರಗು ಎಡ ಹೆಗಲಿಗೆ ಎಂದಿದೆ. ಈ ಮನೆಯ ಹೆಂಗಸರು ಹಾಕುವುದು ಬಲಕ್ಕೆ. ಬೀರಪ್ಪನ ಗುಡಿಗೆ ಹೋದರೂ ಬಲಕ್ಕೆ, ಹಟ್ಟಿಯಲ್ಲಿ ಕಸ ಹೊಡೆದರೂ ಬಲಕ್ಕೆ. ಅತ್ತೆಗೂ ಸೊಸೆಗೂ ಅದು ಕಣ್ಣಿಗೇ ಬೀಳಲಿಲ್ಲ. ಬಸವೇಶ್ವರಿ ಅಂಕಿಗಳನ್ನಷ್ಟೇ ತಾಳೆ ನೋಡಿದಳು. ಸೋಲಾಪುರದ ಪೇಟೆಂಟ್ ಏಜೆಂಟ್ ಧನರಾಜ ಅರ್ಜಿ ಸಲ್ಲಿಸಿಬಿಟ್ಟರು.

ಮುಂಬೈಯ ಅಧಿಕಾರಿಯ ಕಣ್ಣಿಗೆ ಅದು ಬಿತ್ತು. ಪರೀಕ್ಷೆಯ ವರದಿಯಲ್ಲಿ ಎರಡು ಆಕ್ಷೇಪಣೆಗಳು ಬಂದವು. ಅವತಾರಕ್ಕೆ ಸೀರೆ ತೊಡಿಸುವ ವಿದೇಶದ ಅರ್ಜಿಯೊಂದು ಮೊದಲೇ ಇದೆ, ನಿಮ್ಮಲ್ಲಿ ಹೊಸತೇನು ಎಂಬುದು ಒಂದು. ನಾಲ್ಕನೇ ಚಿತ್ರ ಬರಹಕ್ಕೆ ಹೊಂದುವುದಿಲ್ಲ ಎಂಬುದು ಇನ್ನೊಂದು.

“ಅವತ್ತ ಮತ್ತ ಮತ್ತ ಆ ಹಾಳಿನೇ ತಗದು ನೋಡಿದ್ನಿರಿ. ಆ ಹುಡುಗಿದು ನನ್ನ ಕೈಲೇ ಹೋಯ್ತಲ್ಲ ಅಂತ,” ಎನ್ನುತ್ತಾರೆ ರೂಪಾಲಿ.

ಧನರಾಜರು ದಾರಿ ಹೇಳಿದರು: ಚಿತ್ರ ತಪ್ಪಾಗಿದೆ, ಹಿಂದಕ್ಕೆ ಪಡೆಯುತ್ತೇವೆ ಎಂದು ಬರೆದುಕೊಡೋಣ. ಬಸವೇಶ್ವರಿ ಅದಕ್ಕೆ ಒಪ್ಪುವ ಮೊದಲು ಎಸ್‌ಟಿ ಬಸ್ ಹತ್ತಿ ನಿಲಂಗಾಕ್ಕೆ ಬಂದಳು. ಬೈಯಲು ಬಂದಳೆಂದೇ ರೂಪಾಲಿ ತಿಳಿದಿದ್ದರು. ಹುಡುಗಿ ಬ್ಯಾಗಿನಿಂದ ಕ್ಯಾಮೆರಾ ತೆಗೆದಳು.

“ಅಕ್ಕಾ, ಬೈಯೂದು ಆಮ್ಯಾಲ. ಮೊದ್ಲ ಆಯಿಗೆ ನಿಂದರ್ಸು. ಬಲಕ್ಕ ಉಟ್ರ ನನ್ನ ಗೊಂಬಿ ಏನ್ ಮಾಡ್ತದ, ನನಗೇ ಗೊತ್ತಿಲ್ಲ.”

“ಅಯ್ನೋರ ಮಗಳ ಬಂದಾಳ, ಚಹಾ ಇಡಬ್ಯಾಡೇನು?” ಎಂದರು ಅಂಜನಾಬಾಯಿ. ಬಸವೇಶ್ವರಿಯ ತಂದೆ ಸಿದ್ಧಯ್ಯ ಉದಗೀರದಲ್ಲಿ ಮನೆಮನೆಗೆ ಪೂಜೆಗೆ ಹೋಗುವ ಅಯ್ಯನವರು. ಅವರ ಮನೆಯ ಹುಡುಗಿಯನ್ನು ಬರಿಗೈಲಿ ಕೂರಿಸಲು ಅಂಜನಾಬಾಯಿಗೆ ಮನಸ್ಸಿಲ್ಲ.

“ಚಹಾ ಕುಡೀತೀನಿ ಆಯಿ, ಮೊದ್ಲ ಸೆರಗ ಹಾಕ್ರಿ!”

ಅಂಜನಾಬಾಯಿ ಕ್ಯಾಮೆರಾ ಮುಂದೆ ಉಡತೊಡಗಿದರು. ಪರದೆಯ ಗೊಂಬೆಯೂ ಅವರ ಜೊತೆಗೇ ಶುರುಮಾಡಿತು. ನಿರಿಗೆ ಬಂತು. ಕಚ್ಚೆ ಬಂತು. ಸೆರಗಿನ ಹೊತ್ತಿಗೆ ಗೊಂಬೆ ಒಂದು ಕ್ಷಣ ತಡೆಯಿತು. ರೂಪಾಲಿ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಗೊಂಬೆ ಸೊಂಟ ತಿರುಗಿಸಿ ಸೆರಗನ್ನು ಬಲ ಹೆಗಲ ಮೇಲೆ ಎಸೆದು, ತಲೆಯ ಮೇಲೂ ಎಳೆದುಕೊಂಡಿತು. ಬಸವೇಶ್ವರಿ ಕೂಗಿದ ಕೂಗಿಗೆ ಹಟ್ಟಿಯ ಮರಿಗಳೆಲ್ಲ ಒಟ್ಟಿಗೆ ಅರಚಿದವಂತೆ.

“ಯಾರ ಸೊಸಿ ಅಕಿ? ಚಂದ ಉಟ್ಟಾಳ,” ಎಂದರಂತೆ ಅಂಜನಾಬಾಯಿ.

ವಿದೇಶದ ಅರ್ಜಿಯ ಸೀರೆ ಮೊದಲೇ ಮಾಡಿಟ್ಟ ಅಚ್ಚು, ಯಾವಾಗಲೂ ಎಡಕ್ಕೇ. ಬಸವೇಶ್ವರಿಯದು ಕೈ ಹೋದ ಕಡೆ ಹೋಗುತ್ತದೆ. ಆದರೆ ಈಗ ಮಾಡಿ ತೋರಿಸಿದರೆ ಸಾಲದು. ಅರ್ಜಿ ಹಾಕಿದ ದಿನವೇ ಅದು ಅರ್ಜಿಯೊಳಗೆ ಇರಬೇಕು. ಆಮೇಲೆ ಏನನ್ನೂ ಹೊಸದಾಗಿ ಸೇರಿಸುವಂತಿಲ್ಲ. ಅರ್ಜಿಯಲ್ಲಿ ಅದು ಇದ್ದದ್ದು ಒಂದೇ ಕಡೆ, ರೂಪಾಲಿಯ ನಾಲ್ಕನೇ ಚಿತ್ರದಲ್ಲಿ.

ರೂಪಾಲಿ ಕೂಡಲೇ ಧನರಾಜರಿಗೆ ಫೋನು ಹಚ್ಚಿದರು. “ಸಾಹೇಬ್ರ, ಚಿತ್ರ ಹಿಂದಕ್ಕ ತಗೋಬ್ಯಾಡ್ರಿ. ತಪ್ಪು ನಂದೇ, ಬರದದ್ದು ಓದಿ ಗೆರಿ ಎಳೀಬೇಕಿತ್ತು. ಆದ್ರ ಚಿತ್ರ ಖರೇ ಅದ.” ಧನರಾಜರು “ಹಂಗಾರ ವಿಚಾರಣೆಗೆ ನೀವೂ ಕೂಡ್ರಿ ತಾಯಿ,” ಎಂದರು.

ಹನ್ನೊಂದು ಗಂಟೆ. ಬಸವೇಶ್ವರಿ ಉದಗೀರದಿಂದ, ಧನರಾಜ ಸೋಲಾಪುರದಿಂದ, ರೂಪಾಲಿ ಈ ನಡುಮನೆಯಿಂದ ಪರದೆಗೆ ಬರುತ್ತಾರೆ. ಇದನ್ನು ಬರೆಯಲು ಬಂದ ನಾನು ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿದ್ದೇನೆ. ಅಧಿಕಾರಿ ಕನ್ನಡಕದ ನಡುವಯಸ್ಸಿನ ಹೆಂಗಸು, ದನಿ ಮೆತ್ತಗಿದೆ. ಧನರಾಜರ ವಾದವನ್ನು ಪೂರ್ತಿ ಕೇಳುತ್ತಾರೆ, ವಿದೇಶದ ಅರ್ಜಿಯನ್ನು ಪಕ್ಕಕ್ಕಿಟ್ಟು ಒಂದೊಂದೇ ಸಾಲು ಹೋಲಿಸುತ್ತಾರೆ. ಕೊನೆಗೆ ಕೇಳುತ್ತಾರೆ: ಇದು ಬೇರೆ ಉಡುಗೆಯೋ, ಕೈತಪ್ಪೋ? ಚಿತ್ರ ಬರೆದವರು ಯಾರು?

ರೂಪಾಲಿಯ ಉತ್ತರ ಮರಾಠಿಯಲ್ಲಿ, ಒಂದೇ ಉಸಿರಿನಲ್ಲಿ. ಬರಹ ಓದದೆ ಬರೆದದ್ದು ನನ್ನ ತಪ್ಪು. ಆದರೆ ಎದುರಿಗೆ ನಿಂತ ಅತ್ತೆಯನ್ನು ನೋಡಿಯೇ ಬರೆದೆ, ನಮ್ಮ ಮನೆಯಲ್ಲಿ ಹೀಗೇ ಉಡುತ್ತಾರೆ. ಯಾಕೆ ಬಲಕ್ಕೆ ಎಂದು ಅಧಿಕಾರಿ ಕೇಳಿದಾಗ ರೂಪಾಲಿ ಅತ್ತೆಯ ಕಡೆ ತಿರುಗುತ್ತಾರೆ. ಒಲೆಯ ಕಡೆಯಿಂದ ಅಂಜನಾಬಾಯಿ ಕನ್ನಡದಲ್ಲೇ ಕೂಗುತ್ತಾರೆ:

“ಎಡಗೈದಾಗ ಕುರಿಮರಿ ಇರ್ತದ್ರಿ ಬಾಯಾರ! ಸೆರಗ ಎಡಕ್ಕಿದ್ರ ಅದು ತಿಂದು ಹಾಕ್ತದ!”

ಬಸವೇಶ್ವರಿ ಹಿಂದಿಯಲ್ಲಿ ಹೇಳಿದಾಗ ಅಧಿಕಾರಿ ಕನ್ನಡಕ ತೆಗೆದು ನಗುತ್ತಾರೆ. ನಕ್ಕ ಮೇಲೂ ಆ ಚಿತ್ರವನ್ನು ಮತ್ತೆ ದೊಡ್ಡದು ಮಾಡಿ, ಕೈಗಳ ಪಕ್ಕದ ಅಂಕಿಗಳು ಮೂರನೇ ಚಿತ್ರದ ಕ್ರಮದಲ್ಲೇ ಇವೆಯೇ ಎಂದು ನೋಡುತ್ತಾರೆ. ಇವೆ. ಈಗ ಹೇಳಿದ್ದನ್ನೇ ಲಿಖಿತವಾಗಿ ಕೊಡಿ ಎನ್ನುತ್ತಾರೆ.

ಮುಂದಿನ ತಿಂಗಳು ಆದೇಶ ಬರುತ್ತದೆ. ಸೀರೆ ಉಡುವ ಅವತಾರದ ಹಕ್ಕು ಬಸವೇಶ್ವರಿಗೆ! ನಾಲ್ಕನೇ ಚಿತ್ರ ಇದ್ದ ಹಾಗೇ ಉಳಿಯುತ್ತದೆ. ಚಿತ್ರದಲ್ಲಿ ಮೊದಲೇ ಇದ್ದದ್ದರಿಂದ ಬರಹಕ್ಕೂ ‘ಅಥವಾ ಬಲ ಹೆಗಲಿಗೆ’ ಎಂಬ ಮಾತು ಸೇರುತ್ತದೆ. ಸುದ್ದಿ ಹೇಳಲು ಬಸವೇಶ್ವರಿ ಫೋನು ಮಾಡಿದಾಗ ನಾನು ರೂಪಾಲಿಯ ಮನೆಯಲ್ಲೇ ಇದ್ದೆ. ಇಬ್ಬರ ಮಾತೂ ನನಗೆ ತಿಳಿಯಲಿಲ್ಲ, ಅಷ್ಟು ಅಳು, ಅಷ್ಟು ನಗು.

ಹಕ್ಕುಪತ್ರದಲ್ಲಿ ನಿಮ್ಮ ಹೆಸರೂ ಇರಬೇಕಿತ್ತು ಅನ್ನಿಸುವುದಿಲ್ಲವೇ ಎಂದು ಕೇಳುತ್ತೇನೆ. ರೂಪಾಲಿ ಮಗಳ ಜಡೆ ಹೆಣೆಯುತ್ತಲೇ ತಲೆಯಾಡಿಸುತ್ತಾರೆ.

“ಹೆಸರ ಯಾಕ್ರಿ? ನಾಳೆ ಯಾವ ದೇಶದಾಗ ಯಾರೇ ಸೀರಿದು ಅರ್ಜಿ ಹಾಕಿದ್ರೂ, ಮೊದ್ಲ ಆ ಚಿತ್ರ ತಗದು ನೋಡ್ಬೇಕಂತ. ನೋಡ್ಲಿ. ನಮ್ಮತ್ತಿ ಹ್ಯಾಂಗ ಉಡ್ತಾರಂತ ಎಲ್ಲಾರಿಗೂ ಗೊತ್ತಾಗ್ಲಿ.”