ನಿನ್ನೆಯ ಹಸಿರು

ವಿರಾಜಪೇಟೆಯ ಬೇಕರಿಯೊಂದರ ಮಹಡಿಯಲ್ಲಿ ಕೂತು ತಾನು ಮಾಡುವ ಕೆಲಸವೇನು ಎಂದು ಅವ್ವನಿಗೆ ತಿಳಿಸುವಷ್ಟರಲ್ಲಿ ಅನುಪಮಾಳಿಗೆ ಸಾಕುಸಾಕಾಗಿತ್ತು. ವೆಬ್ ಪುಟ ಕಟ್ಟುವವರು ಬೇರೆ, ಬಣ್ಣ ಬಳಿಯುವವರು ಬೇರೆ. ಅದನ್ನು ತೆರೆದು ತೋರಿಸುವ ಬ್ರೌಸರುಗಳೋ, ಒಂದೊಂದಕ್ಕೆ ಒಂದೊಂದು ಬುದ್ಧಿ. ಇಲ್ಲಿ ಮೇಲಿದ್ದ ಬಟನ್ನು ಅಲ್ಲಿ ಕೆಳಗೆ, ಇಲ್ಲಿದ್ದ ಚಿತ್ರ ಅಲ್ಲಿ ನಾಪತ್ತೆ. ಹೊಸ ಫೋನು, ಹಳೇ ಫೋನು, ಗಾಜು ಒಡೆದ ಫೋನು, ಎಲ್ಲದರಲ್ಲೂ ಪುಟ ತೆರೆದು, ಎಲ್ಲ ಬ್ರೌಸರಿನಲ್ಲೂ ಅದು ಒಂದೇ ಥರ ಕಾಣುತ್ತದೆಯೇ ಎಂದು ನೋಡುವುದು ಅನುಪಮಾಳ ಪಾಲಿನ ಕೆಲಸ.

"ಅಂದ್ರೆ ಒಂದೇ ಸೀರೆನ ಹತ್ತು ಕನ್ನಡೀಲಿ ನೋಡೋದು. ಅದ್ಕೆ ಸಂಬ್ಳ ಬೇರೆ ಕೊಡ್ತಾರಾ?" ಎಂದು ಚಿನ್ನ ಎಂಬ ಹೆಸರಿನ ಆ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ನಗಲಿ ಬಿಡಿ. ಹುಡುಗಿ ಮಾತ್ರ ಆ ಕೆಲಸಕ್ಕೆ ಹೇಳಿ ಮಾಡಿಸಿದವಳು. ಒಂದು ಗೆರೆ ಕೂದಲೆಳೆಯಷ್ಟು ಸರಿದಿದ್ದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. "ಅಷ್ಟು ಸಣ್ಣದು ಯಾರಿಗೆ ಕಾಣುತ್ತೆ ಮಾರಾಯ್ತಿ?" ಎಂದು ಕಂಪನಿಯ ಮಾಲೀಕ ಪ್ರಜ್ಞೇಶ್ ಗೋಳಾಡುತ್ತಿದ್ದ. "ನನಗೆ ಕಾಣುತ್ತಲ್ಲ ಸಾರ್," ಎಂದು ಅವಳು ಪುಟವನ್ನು ವಾಪಸ್ ಕಳಿಸುತ್ತಿದ್ದಳು.

ಆ ವರ್ಷ ಬಿಟ್ಟಂಗಾಲದ ಕಡೆಯ ತೋಟದ ಮಾಲೀಕರೆಲ್ಲ ಸೇರಿ ಆನೆಯ ಪುಟವೊಂದನ್ನು ಮಾಡಿಸಿದರು. ಆನೆ ಕಾವಲಿನವರು ಬೆಳಗಾಗುತ್ತಲೇ ಸುದ್ದಿ ಕೊಡಬೇಕು. ಆನೆ ನಿಂತಿರುವ ತೋಟ ಪುಟದಲ್ಲಿ ಕೆಂಪಾಗಬೇಕು, ಉಳಿದದ್ದು ಹಸಿರು. ಕೆಂಪಿದ್ದ ಕಡೆ ಯಾರೂ ಕಾಫಿ ಹಣ್ಣಿನ ಪಿಕ್ಕಿಂಗಿಗೆ ಇಳಿಯಬಾರದು. ಅನುಪಮಾ ಹುಟ್ಟಿ ಬೆಳೆದದ್ದು ಆ ಎಸ್ಟೇಟುಗಳಲ್ಲೊಂದರ ಕೂಲಿಗಳ ಲೈನ್ ಮನೆಯಲ್ಲೇ. ಚಿನ್ನ ಈಗಲೂ ಅಲ್ಲೇ ಕಾಫಿ ಹಣ್ಣು ಕೀಳುತ್ತಾಳೆ. ಅವ್ವನ ಪ್ರಾಣದ ಪ್ರಶ್ನೆ ಎಂದ ಮೇಲೆ ಕೇಳಬೇಕೆ! ಲೈನಿನವರ ಹಳೇ ಫೋನುಗಳನ್ನೆಲ್ಲ ಬೇಡಿ ತಂದು, ಒಂದರ ಪಕ್ಕ ಒಂದಿಟ್ಟು ನೋಡಿದಳು. ಒಂದು ಹಳೇ ಬ್ರೌಸರಿನಲ್ಲಿ ಕೆಂಪು ಮೂಡುತ್ತಲೇ ಇರಲಿಲ್ಲ. ಅದು ಮೂಡುವವರೆಗೆ ಪ್ರಜ್ಞೇಶನಿಗೆ ನೆಮ್ಮದಿ ಕೊಡಲಿಲ್ಲ. ಕೊನೆಗೊಮ್ಮೆ ಎಲ್ಲ ಫೋನೂ ಒಂದೇ ಹಸಿರು, ಒಂದೇ ಕೆಂಪು ತೋರಿಸಿದಾಗ, "ಇನ್ನು ಭಯ ಇಲ್ಲ ಅವ್ವ," ಎಂದು ಹೇಳಿ ಬಂದಳು.

ಲೈನಿನಲ್ಲಿ ಪುಟ ತೆರೆಯುವಷ್ಟು ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ದಿನಾ ಬೆಳಿಗ್ಗೆ ಮಾರಿ ಎಂಬವನು ಅಲ್ಲಿಗೆ ಹತ್ತಿ, ಪುಟ ತೆರೆದು, ಅದರ ಫೋಟೋ ಹೊಡೆದು ಲೈನಿನ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ. ಎಲ್ಲರೂ ನೋಡುತ್ತಿದ್ದುದು ಪುಟವನ್ನಲ್ಲ, ಮಾರಿಯ ಫೋಟೋವನ್ನು. ಇದು ಅನುಪಮಾಳಿಗೆ ಗೊತ್ತೇ ಇರಲಿಲ್ಲ.

ಒಂದು ದಿನ ಮಾರಿ ನೆಂಟರ ಮನೆಗೆ ಹೋಗಿದ್ದ. ಆಫೀಸಿಗೆ ಬಂದು ಅಭ್ಯಾಸದಂತೆ ಪುಟ ತೆರೆದ ಅನುಪಮಾಳಿಗೆ ಅವ್ವನ ಎಸ್ಟೇಟಿನ ಹಳ್ಳದ ಬದಿಯ ತೋಟ ಕೆಂಪಗೆ ಕಂಡಿತು. ಸುಮ್ಮನೆ ಒಂದು ಮಾತು ಹೇಳೋಣವೆಂದು ಅವ್ವನಿಗೆ ಫೋನು ಹಚ್ಚಿದಳು. ಸಿಗಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೋಜಪ್ಪನಿಗೆ ಹಚ್ಚಿದಳು.

"ನಾನು ಜೀಪಲ್ಲಿ ತೋಟದ ಗೇಟಿನ ಹತ್ರ ಇದ್ದೀನಿ. ಹೆಂಗಸ್ರೆಲ್ಲ ಆಗ್ಲೇ ಹಳ್ಳದ ಕಡೆ ಇಳ್ದಾಯ್ತಲ್ಲ ಮಗ," ಎಂದ ಬೋಜಪ್ಪ. "ಹಸಿರು ಅಂತ ನಿನ್ನವ್ವನೇ ಹೇಳಿದ್ದು."

"ಕೆಂಪೈತೆ ರೈಟ್ರೇ! ನಿಮ್ಮ ದಮ್ಮಯ್ಯ, ಓಡಿ!"

ಬೋಜಪ್ಪ ಜೀಪನ್ನು ತಿರುಗಿಸಿ, ಹಾರ್ನಿನ ಮೇಲಿಂದ ಕೈ ತೆಗೆಯದೆ ಹಳ್ಳಕ್ಕೆ ಇಳಿಸಿದ. ಹೆಂಗಸರು ಹಣ್ಣಿನ ಚೀಲ ಅಲ್ಲಲ್ಲೇ ಬಿಟ್ಟು ಮೇಲೆ ಓಡಿದರು. ಹಿಂದೆಯೇ ಕಾಫಿ ಗಿಡ ಮುರಿಯುವ ಸದ್ದು. ಯಮುನ ಎಂಬವಳು ಚರಂಡಿಗೆ ಬಿದ್ದು ಕಾಲು ಉಳುಕಿಸಿಕೊಂಡಳು. ದೇವರು ದೊಡ್ಡವನು, ಅಷ್ಟಕ್ಕೇ ಮುಗಿಯಿತು.

ಮೊದಲ ಬಸ್ಸು ಹಿಡಿದು ಬಂದ ಅನುಪಮಾ ಅವ್ವನನ್ನು ಕಂಡವಳೇ ಅತ್ತಳು, ಅತ್ತಮೇಲೆ ಬೈದಳು. "ಹಸಿರು ಅಂತ ಯಾಕೆ ಹೇಳ್ದೆ?"

ಚಿನ್ನ ಫೋನು ತೋರಿಸಿದಳು. ಗುಂಪಿನಲ್ಲಿ ಯಾರೋ ವಾಯ್ಸ್ ಹಾಕಿ ಫೋಟೋ ಕೇಳಿದ್ದರು. ಮಾರಿ ಇಲ್ಲ. ಚಿನ್ನ ತನ್ನ ಹತ್ತಿರವಿದ್ದುದನ್ನೇ ಹೆಮ್ಮೆಯಿಂದ ಕಳಿಸಿದ್ದಳು. ಅದು ಹಿಂದಿನ ದಿನದ್ದು. ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ತಾರೀಖೇನೋ ಇತ್ತು, ಆದರೆ ಚಿನ್ನಳಿಗೆ ಓದಲು ಬರುವುದಿಲ್ಲ.

"ದಿನಾ ಒಂದೇ ಥರ ಇರ್ತದಲ್ಲ ಮಗ, ನಂಗೆ ಹೆಂಗೆ ಗೊತ್ತಾಗ್ಬೇಕು?" ಎಂದಳು ಚಿನ್ನ. "ಮುಂಚೆ ಆಗಿದ್ರೆ ಲದ್ದಿ ನೋಡ್ತಿದ್ದೆ, ಗಾಳೀಲಿ ವಾಸ್ನೆ ನೋಡ್ತಿದ್ದೆ. ನೀನು ಭಯ ಇಲ್ಲ ಅಂದ್ಮೇಲೆ ಅದೆಲ್ಲ ಬಿಟ್ಬಿಟ್ಟೆ. ನನ್ನ ಮಗ್ಳು ನೋಡಿರೋ ಪುಟ ಅಂತ ಎಲ್ಲಾರಿಗೂ ಹೇಳ್ಕಂಡು ತಿರುಗ್ತಿದ್ದೆ."

ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅನುಪಮಾ ಅವ್ವನ ಫೋನನ್ನು ಕೈಗೆತ್ತಿಕೊಂಡು ಆ ಫೋಟೋ ನೋಡಿದಳು. ಎಲ್ಲ ಕಡೆ ಒಂದೇ ಥರ ಇರಬೇಕೆಂದು ಇಷ್ಟು ಕಾಲ ಒದ್ದಾಡಿದ್ದಳು. ಇವತ್ತು ನಿನ್ನೆಯ ಥರವೇ ಕಂಡರೆ ಏನಾದೀತು ಎಂಬ ಯೋಚನೆ ಒಂದು ದಿನವೂ ಅವಳ ತಲೆಗೆ ಹೊಳೆದಿರಲಿಲ್ಲ.

ಮರುದಿನ ಪ್ರಜ್ಞೇಶನೊಡನೆ ದೊಡ್ಡ ಜಟಾಪಟಿಯೇ ನಡೆಯಿತು. ವಾರದ ಒಂದೊಂದು ದಿನಕ್ಕೂ ಒಂದೊಂದು ಚಿತ್ರ, ಅದೂ ಪುಟದ ಅರ್ಧದಷ್ಟು ದೊಡ್ಡದು ಬೇಕೆಂದು ಅವಳ ಹಠ. "ಡಿಸೈನು ಕುಲಗೆಟ್ಟು ಹೋಗುತ್ತೆ!" ಎಂದು ಅವನು ಕೂಗಾಡಿದ. "ಹೋಗ್ಲಿ ಸಾರ್," ಎಂದಳು, ಗೆರೆ ಸರಿದರೆ ಊಟ ಬಿಡುತ್ತಿದ್ದ ಆಸಾಮಿ! ಚಿತ್ರಗಳನ್ನು ಆರಿಸಿದವಳು ಚಿನ್ನ. ಸಂತೆಯ ದಿನಕ್ಕೆ ಚೀಲ, ಅದರ ಮರುದಿನಕ್ಕೆ ಕೋಳಿ, ಆಮೇಲೆ ಕೊಡೆ, ಹೀಗೆ.

ಹೊಸ ಪುಟ ಎಲ್ಲ ಬ್ರೌಸರಿನಲ್ಲೂ ಪಾಸಾಯಿತು. ಆದರೂ ಅನುಪಮಾಳ ಮನಸ್ಸು ಒಪ್ಪಲಿಲ್ಲ. ಸಂತೆಯ ಮರುದಿನ ಬೆಳಿಗ್ಗೆ ಬೇಕೆಂದೇ ಹಿಂದಿನ ದಿನದ ಫೋಟೋವನ್ನು ಅವ್ವನಿಗೆ ಕಳಿಸಿ, ಫೋನು ಹಿಡಿದೇ ಕಾದಳು. ಟ್ಯಾಂಕಿನ ಹತ್ತಿರದಿಂದ ಫೋನು ಬಂತು.

"ಏನೇ, ಚೀಲದ್ದು ಕಳ್ಸಿದ್ದೀಯಾ? ಇದು ನಿನ್ನೇದು. ಹೆತ್ತವ್ವಂಗೇ ಟೋಪಿ ಹಾಕ್ತೀಯಾ? ಕೋಳೀದು ಮಾರಿ ತೋರ್ಸ್ದ, ಹಸಿರೈತೆ. ಆದ್ರೂ ಲದ್ದಿಗಿದ್ದಿ ನೋಡ್ಕಂಡೇ ಇಳೀತೀವಿ. ನಿನ್ನನ್ನ ನಂಬ್ಕಂಡು ಯಾರು ಸಾಯ್ತಾರೆ!"

"ನಂಬಬೇಡ ಅವ್ವ," ಎಂದಳು ಅನುಪಮಾ. ಅವ್ವನ ಬಾಯಿಂದ ಅಷ್ಟು ಸಂತೋಷದ ಮಾತನ್ನು ಅವಳು ಎಂದೂ ಕೇಳಿರಲಿಲ್ಲ.