ಶೇಖಪ್ಪ ಆರಿಸದ ದೀಪ

ಮುಂಡಗೋಡದ ಅಕ್ಕಿ ಗಿರಣಿ ಸಾವ್ಕಾರರ ಕಾರು ಓಡಿಸುತ್ತಿದ್ದ ಶೇಖಪ್ಪ ಅಂಜುವ ಮನುಷ್ಯ. ೧೯೬೩ರ ಆ ದಿನಗಳಲ್ಲಿ ಅವಸರಕ್ಕೆ ಹುಬ್ಬಳ್ಳಿ ದವಾಖಾನೆ ಮುಟ್ಟಿಸಲು ಸುತ್ತಿನ ಹಳ್ಳಿಗಳವರು ಅದೊಂದೇ ಕಾರನ್ನು ನಂಬಿದ್ದರು. ಕರೆದಾಗ ಅದು ಚಾಲೂ ಆಗದಿದ್ದರೆ? ಈ ಭಯಕ್ಕೆ ಅವನು ದಿನಾ ಬೆಳಿಗ್ಗೆ ಬ್ಯಾಟರಿಯ ಮುಚ್ಚಳ ತೆಗೆದು ನೀರು ನೋಡುತ್ತಿದ್ದ. ತಂತಿ ಕೂಡುವಲ್ಲಿ ಕೂತ ಬಿಳಿ ಪುಡಿಯನ್ನು ಬಿಸಿನೀರಿನಿಂದ ತೊಳೆದು ಒರೆಸುತ್ತಿದ್ದ.

“ನನ್ನ ಮಾರಿ ಒಮ್ಮೆರ ಹಿಂಗ ನೋಡೀರೇನು?” ಎಂದು ಹೆಂಡತಿ ಕಾಶೆವ್ವ ನಗುತ್ತಿದ್ದಳು.

ಅಮಾವಾಸ್ಯೆಯ ಸಂಜೆ ಅವನು ಕಾರಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಅದರ ಮುಂದಿನ ಎರಡು ಸಣ್ಣ ಬ್ಯಾಟರಿ ದೀಪ ಹಚ್ಚುತ್ತಿದ್ದ. ಪೂಜೆಗೆ ಹಚ್ಚಿದ ದೀಪವನ್ನು ಕೈಯಾರೆ ಆರಿಸಬಾರದೆಂಬುದು ಕಾಶೆವ್ವನ ಮಾತು. ಇಷ್ಟು ಮಂದ ಬೆಳಕು ಬ್ಯಾಟರಿಯನ್ನು ಎಷ್ಟು ತಿಂದೀತು ಎಂದು ಅವನೂ ಬಿಟ್ಟುಬಿಡುತ್ತಿದ್ದ. ಮರುದಿನ ಕಾರು ನರಳುತ್ತಿತ್ತು. ಹ್ಯಾಂಡಲ್ ಹಾಕಿ ತಿರುಗಿಸಿದರೆ ಹೇಗೋ ಎದ್ದುಕೊಳ್ಳುತ್ತಿತ್ತು.

ಚಳಿಗಾಲದ ಒಂದು ಅಮಾವಾಸ್ಯೆಯ ಮರುದಿನ, ಬೆಳಿಗ್ಗೆ, ಸನವಳ್ಳಿಯ ಮಹಾಂತಪ್ಪನ ಎತ್ತಿನ ಗಾಡಿ ಶೇಖಪ್ಪನ ಮನೆ ಬಾಗಿಲಿಗೆ ಬಂತು. ಹುಲ್ಲಿನ ಮೇಲೆ ಅವನ ಬಸುರಿ ಹೆಂಡತಿ ಮಾಲವ್ವ ಮಲಗಿದ್ದಳು. ಪಕ್ಕದಲ್ಲಿ ಸೂಲಗಿತ್ತಿ ಸಿದ್ದಕ್ಕ.

“ಮಾಮಾ, ನಿನ್ನಿಯಿಂದ ಬ್ಯಾನಿ ತಿನ್ನಾಕತ್ತಾಳ. ಕೂಸು ಅಡ್ಡ ಐತಂತ. ಲಗೂನ ತಗೀರಿ ಕಾರು!” ಎಂದ ಮಹಾಂತಪ್ಪ.

ಶೇಖಪ್ಪ ಓಡಿದ. ಕಾರಿನ ದೀಪಗಳು ತಾವೇ ಆರಿದ್ದವು. ಸ್ಟಾರ್ಟರ್ ಎಳೆದ, ಸದ್ದಿಲ್ಲ. ಅಂಗೈ ಸುಲಿಯುವ ತನಕ ಹ್ಯಾಂಡಲ್ ತಿರುಗಿಸಿದ. ಹಾರ್ನ್ ಕೂಡ ಕೂಗಲಿಲ್ಲ.

“ಏನಾತು?” ಮಹಾಂತಪ್ಪ ಕೇಳಿದ.

“ಬ್ಯಾಟರಿ ಹಳೇದೈತಿ,” ಎಂದ. ದೀಪದ ಮಾತು ಎತ್ತಲಿಲ್ಲ.

“ಎಣ್ಣಿ ಕುಡ್ಯೂ ದನಾ ಕಟ್ಟೀರಿ, ಎಬ್ಬಸಾಕ ಬರೂದಿಲ್ಲೇನು?” ಸಿದ್ದಕ್ಕ ಗದರಿದಳು. “ಇದಕ್ಕಿಂತ ನಮ್ಮ ಎತ್ತs ಪಾಡು!”

ಶೇಖಪ್ಪನ ಕಣ್ಣು ಎತ್ತುಗಳ ಮೇಲೆ ನಿಂತಿತು. “ಮಹಾಂತಾ, ಗಾಡಿ ಬಿಚ್ಚು! ಹಗ್ಗ ತಾ!”

ಮಾಲವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಎತ್ತುಗಳಿಂದ ಕಾರನ್ನು ಕೆರೆ ಏರಿಯ ಮೇಲಕ್ಕೆ ಎಳೆಸಿದರು. ಅಲ್ಲಿ ಹಗ್ಗ ಬಿಚ್ಚಿ, ಗಿರಣಿಯ ಆಳುಗಳು ಇಳಿಜಾರಿಗೆ ನೂಕಿದರು. ಶೇಖಪ್ಪ ಗೇರು ಹಾಕಿ ಕ್ಲಚ್ ಬಿಟ್ಟ. ಕಾರು ಕೆಮ್ಮಿ ಸುಮ್ಮನಾಯಿತು. ಕ್ಲಚ್ ಒತ್ತಿ, ಇನ್ನಷ್ಟು ವೇಗ ಬರಲೆಂದು ಕಾದ. ಇಳಿಜಾರು ಇನ್ನು ಹತ್ತು ಮಾರು ಉಳಿದಿತ್ತು. ಮತ್ತೆ ಬಿಟ್ಟ. ಎಂಜಿನ್ ಗುಡುಗಿತು. ಮಹಾಂತಪ್ಪ, ಸಿದ್ದಕ್ಕ ಓಡಿ ಬಂದು ಹತ್ತಿದರು.

ಹುಬ್ಬಳ್ಳಿಯ ದಾರಿಯಲ್ಲಿ ಹಿಂದಿನ ಸೀಟಿನಿಂದ ಮಾಲವ್ವನ ನರಳಾಟ ಕೇಳಿದಾಗಲೆಲ್ಲ ಅವನಿಗೆ ಆ ಎರಡು ದೀಪಗಳೇ ನೆನಪಾದವು. ದನದ ಹಿಂಡು ಅಡ್ಡ ಬಂದಾಗಲೂ ಎಂಜಿನ್ ಆರಗೊಡಲಿಲ್ಲ.

ಅವಳನ್ನು ದವಾಖಾನೆಯೊಳಗೆ ಒಯ್ದ ಮೇಲೆ ಬ್ಯಾಟರಿ ಅಂಗಡಿಗೆ ಹೋದ. ಅಂಗಡಿಯ ಮುದುಕ ಗಾಜಿನ ನಳಿಗೆಯಲ್ಲಿ ಆಸಿಡ್ ಎಳೆದು ನೋಡಿದ.

“ದೀಪ ಹಚ್ಚಿ ಬಿಟ್ಟಿದ್ರೇನು?”

“ಸಣ್ಣವು, ಅಜ್ಜಾ.”

“ಸಣ್ಣವಾದ್ರೂ ಬೆಳತನಕ ಹೀರತಾವಲ್ಲ. ಕಾರು ದೂರ ಹೋಗತೈತೇನು?”

“ದಿನಾ ಮನಿಯಿಂದ ಗಿರಣಿತನಕ.”

“ಅಷ್ಟರಾಗ ತುಂಬೂದು ಹೆಂಗ? ವಾರಕ್ಕೊಮ್ಮಿ ದೂರ ಓಡಸ್ರಿ.”

ಮಧ್ಯಾಹ್ನ ಇಳಿಯುವಾಗ ಸಿದ್ದಕ್ಕ ದವಾಖಾನೆಯಿಂದ ಹೊರಗೆ ಬಂದಳು. “ಹೆಣ್ಣು. ತಾಯೀನೂ ಉಳದಾಳ.”

ಶೇಖಪ್ಪ ಕಟ್ಟೆಯ ಮೇಲೆ ಮಹಾಂತಪ್ಪನ ಪಕ್ಕ ಕೂತ. “ಮಹಾಂತಾ, ಬ್ಯಾಟರಿ ಹಳೇದಲ್ಲ. ನಾನs ದೀಪ ಆರಸಿದ್ದಿಲ್ಲ.”

ಮಹಾಂತಪ್ಪ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. “ಮುಂದಿನ ಅಮಾಸಿಗೆ ಆರಸ್ರಿ, ಮಾಮಾ,” ಎಂದು ಎದ್ದು ಒಳಗೆ ಹೋದ.

ಮುಂದಿನ ಅಮಾವಾಸ್ಯೆಗೆ ಶೇಖಪ್ಪ ಕಾರಿನ ಮುಂದೆ, ಎರಡು ಮಾರು ದೂರದಲ್ಲಿ, ಎಣ್ಣೆಯ ಹಣತೆ ಇಟ್ಟ. ಕಾಶೆವ್ವ ಒಪ್ಪಿದಳು. ಊಟಕ್ಕೆ ಹೋಗುವಾಗ ತಿರುಗಿ ನೋಡಿದರೆ ಕಾರಿನ ದೀಪ ಹೊತ್ತಿದಂತೆ ಕಂಡಿತು. ಓಡಿ ಬಂದು ಹಣತೆಗೆ ಅಂಗೈ ಅಡ್ಡ ಹಿಡಿದ. ಕಾರಿನ ದೀಪದ ಗಾಜು ಕಪ್ಪಾಯಿತು; ಅದರಲ್ಲಿ ಹೊಳೆದದ್ದು ಹಣತೆಯ ಪ್ರತಿಬಿಂಬ. ಆದರೂ ಕೈ ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.