ತನ್ನ ಮೇಲೆ ತಾನೇ ರೇಗಿದ ಅಜ್ಜ

“ಯಾರಂವಾ ಇಂವ? ಹಸೀ ಸುಳ್ಳು ಹೇಳಾಕತ್ತಾನಲ್ಲ!”

ತಂಬೂರು ಎಂಬ ಹಳ್ಳಿಯ ಅಜ್ಜರೊಬ್ಬರು ನನ್ನ ಟೇಪ್ ರೆಕಾರ್ಡರ್ ಮೇಲೆ ಹರಿಹಾಯ್ದಾಗ ನಾನು ಕಕ್ಕಾಬಿಕ್ಕಿಯಾದೆ. ಏಕೆಂದರೆ ಅದರಲ್ಲಿ ಮಾತಾಡುತ್ತಿದ್ದವರು ಅವರೇ!

ಎಂಬತ್ತರ ದಶಕದ ಮಾತು. ಇತಿಹಾಸದ ವಿದ್ಯಾರ್ಥಿಯಾಗಿದ್ದ ನಾನು ಆ ಊರಿಗೆ ಮೊದಲ ಬಸ್ಸು ಬಂದ ಕಥೆ ಕೇಳಲು ಹೋಗಿದ್ದೆ. ಎಲ್ಲರೂ ಹೆದರಿ ಓಡಿದಾಗ ತಾನೊಬ್ಬನೇ ಮೀಸೆ ತಿರುವುತ್ತ ಬಸ್ಸು ಹತ್ತಿದೆ ಎಂದು ಅಜ್ಜ ಹೇಳಿದ್ದರು. ಖುಷಿಪಡಲಿ ಎಂದು ಕ್ಯಾಸೆಟ್ ಹಿಂದಕ್ಕೆ ಸುತ್ತಿ ಕೇಳಿಸಿದೆ. ಯಂತ್ರದಲ್ಲಿ ತಮ್ಮ ದನಿಯನ್ನು ಎಂದೂ ಕೇಳದ ಅವರಿಗೆ ಗುರುತೇ ಸಿಗಲಿಲ್ಲ.

“ಮೊದಲ ಹತ್ತಿದಾಕಿ ನಮ್ಮ ಮನ್ಯಾಕಿ! ನಾ ಅಲ್ಲೇ ಬಣವಿ ಹಿಂದ ಅಡಗಿ ನೋಡೇನಿ. ನನಗ ಗೊತ್ತಿಲ್ಲೇನು?”

ಪಕ್ಕದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅವರ ಹೆಂಡತಿ, ಅಜ್ಜಿ, ಮೊರ ಕೆಳಗಿಟ್ಟರು. “ತಮ್ಮಾ, ಇದನ್ನೂ ಹಿಡದ ಇಟ್ಕೋಪಾ. ನಾಳೆ ಮತ್ತ ಮಾತ ತಿರಗಸ್ತಾರ.”

ಅಂದಿನಿಂದ ಯಾರ ಜೀವನಕಥೆ ದಾಖಲಿಸಿದರೂ ಅವರಿಗೆ ಕೇಳಿಸದೆ ಎದ್ದವನಲ್ಲ. ನಿಮ್ಮ ಕಥೆಯನ್ನೂ ಒಮ್ಮೆ ಟೇಪ್ ಮಾಡಿ ಕೇಳಿ ಎಂದು ನನ್ನ ಹೆಂಡತಿ ಹೇಳುತ್ತಲೇ ಇದ್ದಾಳೆ. ಈಗ ಕ್ಯಾಸೆಟ್ ಎಲ್ಲಿ ಸಿಗುತ್ತದೆ ಎಂದು ತಪ್ಪಿಸಿಕೊಂಡಿದ್ದೇನೆ.